ಬಾವಿ ತೋಡುವಾಗ ಸಿಕ್ಕ ಕಪ್ಪು ಮರಕ್ಕೆ ಎಷ್ಟು ವರ್ಷ?

ಪ್ರಶ್ನೆ: ನಮಸ್ಕಾರ ಮೇಡಮ್, ನಮ್ದು ಕುಮಟಾ ತಾಲೂಕು, ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರು ಬರುವ ಗದ್ದೆ) ಬದಿ. ಬಾವಿ ತೋಡುವಾಗ ಕೆಳಗೆ ಕಪ್ಪು ಕೆಸರಲ್ಲಿ ಒಂದು ಮರದ ತುಂಡು ಸಿಕ್ತು, ನೋಡ್ಲಿಕ್ಕೆ ಇದ್ದಿಲಿನ ಹಾಗೆ, ಆದ್ರೆ ಉಗುರಲ್ಲಿ ಗೀರಿದ್ರೆ ಇನ್ನೂ ನಾರು ಕಾಣ್ತದೆ, ಜೊತೆಗೆ ರಾಶಿ ಚಿಪ್ಪಿ. ಊರಲ್ಲಿ ಒಬ್ರು ಹಡಗಿನ ತುಂಡು ಅಂತಾರೆ, ಇನ್ನೊಬ್ರು ಪಾಂಡವರ ಕಾಲದ್ದು ಅಂತಾರೆ. ಕಾರ್ಬನ್ ಟೆಸ್ಟಿಗೆ ಮರ ಕಳಿಸೂದಾ, ಚಿಪ್ಪಿ ಕಳಿಸೂದಾ? ಸದ್ಯ ಗೆದ್ದಲು ಹಿಡೀಬಾರ್ದು ಅಂತ ಸೀಮೆಎಣ್ಣೆ ಹಚ್ಚಿ ಇಡುವಾ ಅಂತಿದ್ದೆ.

ಉತ್ತರ: ಸೀಮೆಎಣ್ಣೆ ಒಂದು ಬೇಡ ಮಾರಾಯ್ರೆ! ಅದು ಕೋಟ್ಯಂತರ ವರ್ಷದ ಹಿಂದಿನ ಮಾಲು, ವರ್ಷ ಲೆಕ್ಕ ಹಾಕ್ಲಿಕ್ಕೆ ನಾವು ಅಳೆಯುವ ಕಾರ್ಬನ್-14 ಅನ್ನೂದು ಅದರಲ್ಲಿ ಪೂರ್ತಿ ಖಾಲಿ, ಅದು ಮರದೊಳಗೆ ಇಳಿದ್ರೆ ನಿಮ್ಮ ಮರ ಇರೂದಕ್ಕಿಂತ ಹಳೇದು ಅಂತ ತೋರಿಸ್ತದೆ. ನಾವು ಲ್ಯಾಬಲ್ಲಿ ಆಸಿಡ್, ಅಲ್ಕಲಿ, ಮತ್ತೆ ಆಸಿಡ್ ಹಾಕಿ ತೊಳೀತೇವೆ, ಆದ್ರೂ ಎಣ್ಣೆ, ಫೆವಿಕಾಲ್, ವಾರ್ನಿಶ್ ಎಲ್ಲಾ ದೊಡ್ಡ ತಲೆನೋವು. ನೆರಳಲ್ಲಿ ಒಣಗಿಸಿ, ಬೂಸ್ಟು ಬರದ ಹಾಗೆ, ಅಲ್ಯುಮಿನಿಯಂ ಫಾಯಿಲಲ್ಲಿ ಸುತ್ತಿಡಿ. ಹತ್ತಿ ಬೇಡ.

ಲೆಕ್ಕ ಏನು ಅಂದ್ರೆ, ಮೇಲಿಂದ ಬರುವ ಕಾಸ್ಮಿಕ್ ಕಿರಣದಿಂದ ಗಾಳಿಯ ನೈಟ್ರೋಜನ್ ಸ್ವಲ್ಪ ಸ್ವಲ್ಪ ಕಾರ್ಬನ್-14 ಆಗ್ತಾ ಇರ್ತದೆ, ಲಕ್ಷ ಕೋಟಿ ಕಾರ್ಬನ್ ಪರಮಾಣುಗಳಲ್ಲಿ ಸುಮಾರು ಒಂದು ಅಷ್ಟೇ. ಗಿಡ ಅದನ್ನ ಎಳ್ಕೊಳ್ತದೆ, ಗಿಡ ತಿಂದವರಿಗೂ ಬರ್ತದೆ. ಸತ್ತ ಮೇಲೆ ಹೊಸದು ಬರೂದಿಲ್ಲ, ಇದ್ದದ್ದು 5,730 ವರ್ಷಕ್ಕೆ ಅರ್ಧ ಆಗ್ತದೆ. ಸುಮಾರು 50,000 ವರ್ಷ ದಾಟಿದ್ರೆ ಅಳೀಲಿಕ್ಕೆ ಎಂತದೂ ಉಳಿಯೂದಿಲ್ಲ. ಲಿಬ್ಬಿ ಅನ್ನುವ ವಿಜ್ಞಾನಿಗೆ ಈ ವಿಧಾನ ಕಂಡುಹಿಡಿದದ್ದಕ್ಕೇ 1960ರಲ್ಲಿ ನೊಬೆಲ್ ಬಂತು. ಅವ್ರ ಕಾಲದಲ್ಲಿ ಗ್ರಾಂಗಟ್ಟಲೆ ಸ್ಯಾಂಪಲ್ ಬೇಕಿತ್ತು, ಈಗ ಆಕ್ಸಲರೇಟರ್ ಅನ್ನುವ ಯಂತ್ರದಲ್ಲಿ ಪರಮಾಣುಗಳನ್ನೇ ಎಣಿಸ್ತಾರೆ, ಮಿಲಿಗ್ರಾಂ ಸಾಕು.

ಕಳಿಸೂದಾದ್ರೆ ಮರ ಕಳಿಸಿ. ಚಿಪ್ಪಿ ಒಂದು ರಗಳೆ, ಅದು ಕಾರ್ಬನ್ ತಗೊಳ್ಳೂದು ನೀರಿಂದ, ಸಮುದ್ರದ ನೀರಲ್ಲಿ ಆಳದ ಹಳೇ ಕಾರ್ಬನ್ ಬೆರೆತಿರ್ತದೆ, ಹಾಗಾಗಿ ನಿನ್ನೆ ಸತ್ತ ಚಿಪ್ಪಿಯೂ ಸರಾಸರಿ 400 ವರ್ಷ ಹಳೇದಾಗಿ ಕಾಣ್ಬಹುದು, ಅದ್ರ ಮೇಲೆ ನಿಮ್ಮಲ್ಲಿ ಹೊಳೆ ನೀರೂ ಸೇರ್ತದೆ, ತಿದ್ದುಪಡಿ ಎಷ್ಟು ಅಂತ ಹಾಕೂದೇ ಕಷ್ಟ. ಮರದಲ್ಲೂ ತೊಗಟೆ ಬದಿಯದ್ದೇ ಆಗ್ಬೇಕು. 200 ವರ್ಷ ಬೆಳೆದ ಮರದ ನಡು ಚೇಗು, ಮರ ಕಡಿಯೂದಕ್ಕಿಂತ 200 ವರ್ಷ ಹಿಂದಿನ ಲೆಕ್ಕ ಕೊಡ್ತದೆ. ಹಡಗಿನ ಹಲಗೆಯೇ ಆಗಿದ್ರೂ ಗೊತ್ತಾಗೂದು ಆ ಮರ ಬೆಳೆದ ಕಾಲ, ಹಡಗು ಮುಳುಗಿದ ದಿನ ಅಲ್ಲ.

ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರಲ್ಲಿ, ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯಲ್ಲಿ ಈ ಕೆಲಸ ನಡೀತದೆ. ನೀವೇ ಪಾರ್ಸೆಲ್ ಮಾಡೂದಕ್ಕಿಂತ ಧಾರವಾಡ ಯೂನಿವರ್ಸಿಟಿಯ ಪುರಾತತ್ವದವರನ್ನ ಮೊದಲು ಕೇಳಿ.

ಪ್ರಶ್ನೆ: ಅಕ್ಕಾ, ನಾನು ಶಿರಸಿಯಿಂದ. ಬನವಾಸಿ ದೇವಸ್ಥಾನದ ಕಲ್ಲು, ಮಿರ್ಜಾನ್ ಕೋಟೆ ಗೋಡೆ ಇದಕ್ಕೆಲ್ಲ ಈ ಟೆಸ್ಟ್ ಯಾಕೆ ಮಾಡೂದಿಲ್ಲ?

ಉತ್ತರ: ಕಲ್ಲು ಯಾವಾಗ ಉಸಿರಾಡಿತ್ತು ತಮ್ಮಾ? ಕಲ್ಲಿಗೆ, ಕಂಚಿಗೆ ಇದು ನಡೆಯೂದಿಲ್ಲ, ಅಲ್ಲಿ ಶಾಸನದ ಲಿಪಿ, ಕಟ್ಟಿದ ಶೈಲಿ ನೋಡ್ಬೇಕು. ಆದ್ರೆ ಸುಣ್ಣದ ಗಾರೆ ಇದ್ರೆ ಒಂದು ದಾರಿ ಇದೆ, ನಂಗೆ ಭಾರೀ ಇಷ್ಟದ್ದು. ಸುಣ್ಣ ಮಾಡ್ಲಿಕ್ಕೆ ಭಟ್ಟಿಯಲ್ಲಿ ಚಿಪ್ಪಿ ಸುಟ್ಟಾಗ ಅದರ ಹಳೇ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗ್ತದೆ, ಗೋಡೆಗೆ ಮೆತ್ತಿದ ಮೇಲೆ ಸುಣ್ಣ ಗಟ್ಟಿಯಾಗ್ತಾ ಆ ಕಾಲದ ಗಾಳಿಯಿಂದಲೇ ಮತ್ತೆ ಎಳ್ಕೊಳ್ತದೆ, ಅಂದ್ರೆ ಕಟ್ಟಿದ ಸಮಯವೇ ಗಾರೆಯಲ್ಲಿ ಕೂತಿರ್ತದೆ. ಅರೆಬೆಂದ ಚಿಪ್ಪಿ ಚೂರು ಉಳಿದಿದ್ರೆ ಮಾತ್ರ ಲೆಕ್ಕ ಕೆಡ್ತದೆ. ಹಾಗಂತ ಹೋಗಿ ಕೋಟೆ ಕೆರೀಬೇಡ, ಕೇಸ್ ಆಗ್ತದೆ.

ಪ್ರಶ್ನೆ: ಕಾರವಾರದಿಂದ. ನಮ್ಮಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ ಉಂಟಲ್ಲ, ಅದರಿಂದ ಇದೆಲ್ಲ ತಪ್ಪು ಬರೂದಿಲ್ವಾ?

ಉತ್ತರ: ಕೆಸರೊಳಗೆ ಯಾವತ್ತೋ ಸತ್ತ ಮರ ಇವತ್ತಿನ ಗಾಳಿ ಎಳ್ಕೊಳ್ಳೂದಿಲ್ಲ, ಬೇರೆ ಕಾರ್ಬನ್ ಅಂಟಿದ್ರೆ ಅದಕ್ಕೇ ತೊಳೆಯೂದು. ಗಾಳಿಯ ಲೆಕ್ಕ ನಿಜವಾಗಿ ಏರುಪೇರು ಮಾಡಿದ್ದು 1950-60ರ ದಶಕದ ಬಾಂಬ್ ಪರೀಕ್ಷೆಗಳು, ಉತ್ತರ ಗೋಳಾರ್ಧದ ಗಾಳಿಯಲ್ಲಿ ಕಾರ್ಬನ್-14 ಹತ್ತಿರ ಹತ್ತಿರ ಎರಡು ಪಟ್ಟು ಆಗಿತ್ತು. ರಿಪೋರ್ಟಲ್ಲಿ ವರ್ಷ ಎಣಿಸೂದು ಆ ಪರೀಕ್ಷೆಗಳ ಭರಾಟೆಗೆ ಮುಂಚಿನ 1950ರಿಂದ ಹಿಂದಕ್ಕೆ.

ಕುಮಟಾದವರೇ, ಪಕ್ಕ ಒಂದು ಸ್ಕೇಲ್ ಇಟ್ಟು ಮರದ ಫೋಟೋ ಹಾಕಿ, ತೊಗಟೆ ಬದಿ ಯಾವ್ದು ಅಂತ ನೋಡಿ ಹೇಳ್ತೇನೆ.