ಎಕ್ಸ್‌ಕ್ಯಾಲಿಬರ್ ಅನ್ನೋ ಹೆಸರು ಎಲ್ಲಿಂದ ಬಂತು?

ಓದುಹುಳ:
ಬ್ರಿಟನ್ನಿನ ದಂತಕತೆಗಳ ಆರ್ಥರ್ ರಾಜನ ಕತ್ತಿ ಎಕ್ಸ್‌ಕ್ಯಾಲಿಬರ್ ಇದೆಯಲ್ಲ, ಅದು ಲ್ಯಾಟಿನ್ ಹೆಸರು, ‘ಕಲ್ಲಿನಿಂದ ಬಿಡಿಸಿದ್ದು’ ಅಂತ ಅರ್ಥ ಅಂತ ಒಂದು ಕಡೆ ಓದಿದೆ. ಇನ್ನೊಂದು ಕಡೆ ‘ಉಕ್ಕನ್ನೇ ಕತ್ತರಿಸುವಂಥದ್ದು’ ಅಂತಿದೆ. ಯಾವುದು ಸರಿ?

ಪದಬೇಟೆ:
ಎರಡೂ ಆಮೇಲೆ ಕಟ್ಟಿದ ಅರ್ಥಗಳು. ಮೂಲ ವೇಲ್ಸ್ ನಾಡಿನ ವೆಲ್ಷ್ ಭಾಷೆಯದು, ಕಲೆದ್‌ವುಲ್ಖ್. ಒಂದು ಹಳೇ ವೆಲ್ಷ್ ಕತೆಯಲ್ಲಿ ಆರ್ಥರ್ ತನ್ನ ಹತ್ತಿರ ಬಂದ ಹುಡುಗನಿಗೆ ಏನು ಬೇಕಾದರೂ ಕೇಳು, ಆದರೆ ನನ್ನ ಹಡಗು, ಹೊದಿಕೆ, ಕತ್ತಿ, ಈಟಿ, ಗುರಾಣಿ, ಚೂರಿ, ಹೆಂಡತಿ ಇಷ್ಟು ಬಿಟ್ಟು ಅನ್ನುತ್ತಾನೆ. ಆ ಪಟ್ಟಿಯಲ್ಲೇ ಕತ್ತಿಯ ಹೆಸರು ಬರುತ್ತದೆ. ‘ಕಲೆದ್’ ಅಂದರೆ ಗಟ್ಟಿ, ‘ಬುಲ್ಖ್’ ಅಂದರೆ ಸಂದು, ಕಚ್ಚು. ಎರಡೂ ಸೇರಿದಾಗ ಬ ಹೋಗಿ ವ ಬಂತು. ನಮ್ಮ ಆದೇಶ ಸಂಧಿಯಲ್ಲಿ ಕಡು + ಬೆಳ್ಪು ‘ಕಡುವೆಳ್ಪು’ ಆಗಲ್ವಾ, ಹಾಗೇ.

1136ರ ಸುಮಾರಿಗೆ ಮಾನ್ಮತ್‌ನ ಜೆಫ್ರಿ ಅನ್ನೋ ಲೇಖಕ ಆರ್ಥರನ ಕತೆಯನ್ನು ಲ್ಯಾಟಿನ್‌ನಲ್ಲಿ ಬರೆಯುವಾಗ ಇದನ್ನು ಕ್ಯಾಲಿಬರ್ನಸ್ ಮಾಡಿದ. ಲ್ಯಾಟಿನ್‌ನಲ್ಲಿ ಉಕ್ಕಿಗೆ ‘ಖಾಲಿಬ್ಸ್’ ಅನ್ನುತ್ತಾರೆ. ಕಪ್ಪು ಸಮುದ್ರದ ದಂಡೆಯಲ್ಲಿ ಕಬ್ಬಿಣದ ಕೆಲಸಕ್ಕೆ ಹೆಸರಾಗಿದ್ದ ಜನರಿಂದ ಗ್ರೀಕರ ಮೂಲಕ ಬಂದ ಪದ. ಅದರ ನೆರಳು ಬಿದ್ದಿರಬೇಕು.

ಬೆಳಗಾವಿಯವ:
ಸರಿ, ಮುಂದಿನ ‘ಎಕ್ಸ್’ ಎಲ್ಲಿಂದ? ಸ್ಕೂಲ್ ಅನ್ನೋಕೆ ನಾವು ಇಸ್ಕೂಲು ಅಂದಹಾಗೆ ಫ್ರೆಂಚರೂ ಒಂದು ಸ್ವರ ಹಚ್ಚಿದರಾ?

ಪದಬೇಟೆ:
ಅದು ಇಲ್ಲಿ ಹೊಂದಲ್ಲ. ಸ್ಕ, ಸ್ಟ ತರಹ ಶುರುವಾಗುವ ಪದಕ್ಕೆ ಮಾತ್ರ ಹಾಗೆ ಹಚ್ಚುತ್ತಿದ್ದರು, ಇದು ಶುರುವಾಗೋದೇ ಕ ಅಕ್ಷರದಿಂದ. ಹಳೇ ಫ್ರೆಂಚಲ್ಲಿ ‘ಎಸ್’ ಅಂತ ಶುರುವಾಗುವ ಪದಗಳು ಜಾಸ್ತಿ, ಬಹುಶಃ ಆ ರೂಢಿಯಲ್ಲೇ ಎಸ್ಕಾಲಿಬೊರ್ ಆಯ್ತು ಅನ್ನೋದು ನನ್ನ ಅಂದಾಜು. ಫ್ರೆಂಚ್ ಕವಿ ಕ್ರೆತಿಯಾಂ ದ ತ್ರುವಾ ಬರೆದ ಕಾವ್ಯದಲ್ಲಿ ಈ ಕತ್ತಿ ಆರ್ಥರನ ಕೈಯಲ್ಲೂ ಇಲ್ಲ, ಅವನ ಸೋದರಳಿಯ ಗವೇನನ ಹತ್ತಿರ ಇದೆ! ಆಮೇಲಿನ ಫ್ರೆಂಚ್ ಗದ್ಯದವರಂತೂ ಇದು ಹೀಬ್ರೂ ಪದ, ಕಬ್ಬಿಣ ಉಕ್ಕು ಮರ ಕತ್ತರಿಸುತ್ತೆ ಅಂತ ಅರ್ಥ ಅಂದುಬಿಟ್ಟರು. ಸುಮ್ನೆ ಬಿಟ್ಟ ಮಾತು. ಆರ್ಥರನ ಕತೆಗಳನ್ನು ಇಂಗ್ಲಿಷಿನಲ್ಲಿ ಬರೆದ ಮ್ಯಾಲರಿಯ, 1485ರಲ್ಲಿ ಅಚ್ಚಾದ ಪುಸ್ತಕದಲ್ಲೂ ‘ಉಕ್ಕು ಕತ್ತರಿಸು’ ಅಂತಲೇ ಅರ್ಥ ಕೊಟ್ಟಿದೆ.

ನೀಲಿಶಾಯಿ:
ಐರಿಶ್ ಕತೆಯ ಕಲದ್‌ಬೊಲ್ಗ್ ಅನ್ನೋ ಕತ್ತಿ ಮರೆತಿರಾ? ಫರ್ಗಸ್ ಅನ್ನೋ ವೀರ ಅದನ್ನು ಬೀಸಿ ಮೂರು ಗುಡ್ಡದ ತಲೆ ಹಾರಿಸುತ್ತಾನೆ. ವೆಲ್ಷ್ ಹೆಸರು ಅದರಿಂದಲೇ ಬಂತು ಅಂತ ಒಂದು ವಾದ, ಎರಡೂ ಕಡೆ ಕತ್ತಿಗೆ ಬೇರೆ ಬೇರೆಯಾಗೇ ಹುಟ್ಟಿದ ಹೆಸರು ಅಂತ ಇನ್ನೊಂದು. ನನಗೆ ಎರಡನೆಯದೇ ಸರಿ ಅನ್ಸುತ್ತೆ.

ಓದುಹುಳ:
ಹಾಗಾದರೆ ಕಲ್ಲಿನ ಕತೆ?

ಪದಬೇಟೆ:
ಕಲ್ಲಿನಿಂದ ಕತ್ತಿ ಕೀಳುವ ಕತೆ ಬಂದಿದ್ದೇ 1200ರ ಆಸುಪಾಸು. ಹೆಸರು ಅದಕ್ಕಿಂತ ಹಳೆಯದು, ಇನ್ನು ಅರ್ಥ ಅಲ್ಲಿಂದ ಹೇಗೆ ಬರುತ್ತೆ ಹೇಳಿ.