ಲಾಂಗ್ ರನ್ ಮುಗಿದ ಮೇಲೆ ಎಷ್ಟು ಕುಡಿಯಬೇಕು, ಏನು ತಿನ್ನಬೇಕು? ಸಸ್ಯಾಹಾರಿ, ಮೊಟ್ಟೆಯೂ ಇಲ್ಲ

ಹುಬ್ಬಳ್ಳಿ_ಓಟ

ಫುಲ್ ಮ್ಯಾರಥಾನ್‌ಗೆ ತಯಾರಿ ನಡೀತಿದೆ. ಭಾನುವಾರ ಬೆಳಿಗ್ಗೆ 5:30ಕ್ಕೆ ಶುರು ಮಾಡಿ 28 ಕಿ.ಮೀ., ಹೆಚ್ಚುಕಮ್ಮಿ 3 ಗಂಟೆ. ನಡುವೆ 600 ಎಂಎಲ್ ನೀರು, 2 ಖರ್ಜೂರ. ಓಟಕ್ಕೆ ಮುಂಚೆ ತೂಕ 62.0 ಕೆಜಿ, ಮುಗಿದ ಮೇಲೆ 60.4. ಮನೆಗೆ ಬಂದು ಒಂದೂವರೆ ಲೀಟರ್ ತಣ್ಣೀರು ಒಟ್ಟಿಗೇ ಕುಡಿದರೆ ಹೊಟ್ಟೆ ತೊಳಸುತ್ತೆ, ಒಂದು ಗಂಟೆಯೊಳಗೆ ಎರಡು ಸಲ ಮೂತ್ರ ಹೋಗುತ್ತೆ, ಆದರೂ ಬಾಯಾರಿಕೆ ತಣಿಯಲ್ಲ. ಮಧ್ಯಾಹ್ನದ ತನಕ ತಲೆನೋವು. 11 ಗಂಟೆವರೆಗೆ ತಿಂಡಿ ಗಂಟಲಲ್ಲಿ ಇಳಿಯಲ್ಲ.

ಸೋಮವಾರ ವಿಶ್ರಾಂತಿ, ಮಂಗಳವಾರ 8 ಕಿ.ಮೀ. ಪೌಡರ್ ಡಬ್ಬ ಬೇಡ, ಅಡುಗೆಮನೆಯಲ್ಲಿ ಇರೋದರಲ್ಲೇ ಆಗಬೇಕು. "ಚೆನ್ನಾಗಿ ನೀರು ಕುಡೀರಿ, ಪ್ರೋಟೀನ್ ತಗೊಳ್ಳಿ" ಅನ್ನೋದು ಗೊತ್ತಿದೆ. ಎಷ್ಟು, ಯಾವಾಗ, ಯಾಕೆ ಅನ್ನೋದು ಬೇಕು.

ಮಜ್ಜಿಗೆ_ಮೈಲಿ

ತೂಕ ನೋಡಿಕೊಂಡಿದ್ದು ಬಹಳ ಒಳ್ಳೆಯದಾಯಿತು, ಲೆಕ್ಕ ಅಲ್ಲಿಂದಲೇ ಶುರು. ಇಳಿದ ತೂಕ 1.6 ಕೆಜಿ, ಅದಕ್ಕೆ ನಡುವೆ ಕುಡಿದ 0.6 ಸೇರಿಸಿ: ಬೆವರಾಗಿ ಹೋಗಿದ್ದು ಸುಮಾರು 2.2 ಲೀಟರ್, ಗಂಟೆಗೆ 700 ಎಂಎಲ್ ಮೇಲೆ. ಮುಂದಿನ ಸಲ ಬಟ್ಟೆ ತೆಗೆದು, ಮೈ ಒರೆಸಿಕೊಂಡು ತಕ್ಕಡಿ ಹತ್ತಿ. ಒದ್ದೆ ಟೀಶರ್ಟು, ಶೂ ಎರಡೇ ಅರ್ಧ ಕೆಜಿ ಸುಳ್ಳು ಹೇಳುತ್ತವೆ.

ನೀವು ಕುಡಿದ ನೀರು ಮೈಯಲ್ಲಿ ನಿಲ್ಲುತ್ತಿಲ್ಲ, ತೊಂದರೆ ಅದು. ಬೆವರಿನಲ್ಲಿ ಲೀಟರ್‌ಗೆ ಸರಿಸುಮಾರು 1 ಗ್ರಾಂ ಸೋಡಿಯಂ ಹೋಗುತ್ತೆ, ಕೆಲವರಿಗೆ ಅರ್ಧ ಗ್ರಾಂ, ಕೆಲವರಿಗೆ ಒಂದೂವರೆಗೂ ಮೇಲೆ. ಟೋಪಿ ಅಂಚಿನಲ್ಲಿ, ಬೆನ್ನ ಮೇಲೆ ಬಿಳಿ ಗೆರೆ ಒಣಗಿ ನಿಲ್ಲುತ್ತಿದ್ದರೆ ನೀವು ಹೆಚ್ಚು ಉಪ್ಪು ಕಳೆದುಕೊಳ್ಳುವವರು. ಆ ಉಪ್ಪು ವಾಪಸ್ ಬರುವ ಮೊದಲೇ ಒಂದೂವರೆ ಲೀಟರ್ ಸಪ್ಪೆ ನೀರು ಒಳಗೆ ಹೋದರೆ ರಕ್ತ ತೆಳುವಾಗುತ್ತೆ. ನೀರು ಹಿಡಿದಿಡು ಅಂತ ಕಿಡ್ನಿಗೆ ಹೇಳುವ ಹಾರ್ಮೋನು ಇಳಿಯುತ್ತೆ, ಕುಡಿದದ್ದರಲ್ಲಿ ಒಳ್ಳೇ ಪಾಲು ಬಚ್ಚಲಿಗೆ. ಬಾಯಾರಿಕೆ ಹೋಗದೆ ಇರೋದು, ಮೂತ್ರ ಬರೋದು, ಎರಡೂ ಒಟ್ಟಿಗೆ ಆಗೋದು ಇದಕ್ಕೇ.

ಕುಡಿಯಬೇಕಾದ್ದು ಇಳಿದ ತೂಕದ ಒಂದೂಕಾಲರಿಂದ ಒಂದೂವರೆ ಪಟ್ಟು. ನಿಮಗೆ 2ರಿಂದ 2.4 ಲೀಟರ್, 4 ಗಂಟೆಗಳಿಗೆ ಹಂಚಿ. ಮೊದಲ 10 ನಿಮಿಷ ಕೂರಬೇಡಿ, ನಡೆಯಿರಿ. ಓಡುವಾಗ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹೋಗಿರುತ್ತೆ, ಕರುಳಿಗೆ ವಾಪಸ್ ಬರೋಕೆ ಸಮಯ ಬೇಕು. ಆಮೇಲೆ 15 ನಿಮಿಷಕ್ಕೊಮ್ಮೆ 150 ಎಂಎಲ್, ಅಂದರೆ ಒಂದು ಸಣ್ಣ ಲೋಟ. ತೊಳಸುವುದು ಅರ್ಧ ಇದರಲ್ಲೇ ನಿಲ್ಲುತ್ತೆ.

ಏನು ಕುಡಿಯೋದು? ಮಜ್ಜಿಗೆ. 200 ಗ್ರಾಂ ಮೊಸರು, 600 ಎಂಎಲ್ ನೀರು, ಸಮತಟ್ಟಾಗಿ ಗೀರಿದ ಅರ್ಧ ಟೀ ಚಮಚ ಉಪ್ಪು, ಜಜ್ಜಿದ ಶುಂಠಿ, ಕರಿಬೇವು. ಅರ್ಧ ಟೀ ಚಮಚ ಅಂದರೆ ಎರಡೂವರೆ ಮೂರು ಗ್ರಾಂ ಉಪ್ಪು, ಅದರಲ್ಲಿ 1 ಗ್ರಾಂ ಚಿಲ್ಲರೆ ಸೋಡಿಯಂ. ದಿನಾ ಕುಡಿಯುವ ಮಜ್ಜಿಗೆಗಿಂತ ಉಪ್ಪುಪ್ಪಾಗಿರುತ್ತೆ, ಇರಬೇಕಾದ್ದೇ ಹಾಗೆ. ಓಟ ಮುಗಿದ ಗಳಿಗೆಯಲ್ಲಿ ಅದು ರುಚಿ ಎನಿಸಿ, ಎರಡು ಗಂಟೆ ಕಳೆದ ಮೇಲೆ ಅದೇ ಮಜ್ಜಿಗೆ ಉಪ್ಪು ಜಾಸ್ತಿ ಎನಿಸಿದರೆ ಮೈ ತುಂಬಿಕೊಳ್ಳುತ್ತಿದೆ ಅಂತ ಅರ್ಥ. ಮಿಕ್ಕ ಉಪ್ಪು ಸಾರು, ಉಪ್ಪಿನಕಾಯಿ, ಚಟ್ನಿಯಲ್ಲೇ ಬರುತ್ತೆ. ಊಟ ಶುರುವಾದ ಮೇಲೆ ಸಾದಾ ನೀರು ಸಾಕು.

ಎಳನೀರಿನ ಬಗ್ಗೆ ಒಂದು ಮಾತು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ. ಬೆವರು ಅದಕ್ಕೆ ತದ್ವಿರುದ್ಧ. ಹಾಗಾಗಿ ಬರೀ ಎಳನೀರು ಕುಡಿದರೆ ಸಾಲದು. ಎರಡು ಎಳನೀರನ್ನು ಒಂದು ಬಾಟಲಿಗೆ ಬಗ್ಗಿಸಿ ಕಾಲು ಟೀ ಚಮಚ ಉಪ್ಪು ಹಾಕಿ ಅಲುಗಾಡಿಸಿ. ಸಿಹಿ ಹೋಗಲ್ಲ, ಕೆಲಸಕ್ಕೆ ಬರುತ್ತೆ.

ಇನ್ನು ತಿನ್ನೋದು. ಜೋರಾಗಿ ಓಡಿದ ಮೇಲೆ ಒಂದೆರಡು ಗಂಟೆ ಹಸಿವೇ ಸತ್ತಂತಿರೋದು ಸಹಜ, ಅದಕ್ಕೇ ಮೊದಲ ಗಂಟೆಯಲ್ಲಿ ಅಗಿಯೋದಕ್ಕಿಂತ ಕುಡಿಯೋದು ಸುಲಭ. 30 ಗ್ರಾಂ ರಾಗಿಹಿಟ್ಟು, 250 ಎಂಎಲ್ ಹಾಲು, 20 ಗ್ರಾಂ ಬೆಲ್ಲದ ಮಾಲ್ಟ್, ಜೊತೆಗೆ ಎರಡು ಏಲಕ್ಕಿ ಬಾಳೆ. ಕಾರ್ಬ್ಸ್ ಸುಮಾರು 75 ಗ್ರಾಂ, ಪ್ರೋಟೀನ್ 11–12. ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿ ಆಮೇಲೆ ಕುದಿಯೋದಕ್ಕೆ ಬಿಡಿ, ನೇರ ಹಾಕಿದರೆ ಗಂಟು.

ಒಂದೂವರೆ ಗಂಟೆ ಬಿಟ್ಟು ಸರಿಯಾದ ಊಟ. ಅದರಲ್ಲಿ 20 ಗ್ರಾಂ ಪ್ರೋಟೀನ್ ಇರಲಿ. ಲೆಕ್ಕ ಕೆಜಿಗೆ 0.3 ಗ್ರಾಂ, ನಿಮಗೆ 19. ನಮ್ಮಲ್ಲಿ ಎಡವೋದು ಇಲ್ಲೇ. ನಾಲ್ಕು ಇಡ್ಲಿಯಲ್ಲಿ 8 ಗ್ರಾಂ, ಒಂದು ಬಟ್ಟಲು ಸಾಂಬಾರಲ್ಲಿ 4, ಹೊಟ್ಟೆ ತುಂಬಿದರೂ 12 ದಾಟಲ್ಲ. ಮೊಸರನ್ನ ನೋಡಿ: 300 ಗ್ರಾಂ ಅನ್ನ, 250 ಗ್ರಾಂ ಮೊಸರು, ಮೇಲೆ ಒಂದು ಹಿಡಿ ಹುರಿದ ಶೇಂಗಾ, ಅಂದರೆ 30 ಗ್ರಾಂ. ಪ್ರೋಟೀನ್ 22 ಮೇಲೆ, ಕಾರ್ಬ್ಸ್ 95 ಆಸುಪಾಸು, ಉಪ್ಪೂ ನೀರೂ ಅದರಲ್ಲೇ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ರಿಕವರಿ ಊಟ ಅಂಗಡಿಯಲ್ಲಿ ಸಿಗಲ್ಲ.

ನಿಮ್ಮ ಮುಂದಿನ ಓಟ ಎರಡು ದಿನ ಆಚೆ. ಹಾಗಾಗಿ "30 ನಿಮಿಷದೊಳಗೆ ತಿನ್ನದಿದ್ದರೆ ಎಲ್ಲಾ ಹೋಯಿತು" ಅನ್ನೋ ಗಾಬರಿ ಬೇಡ. ಆ ದಿನವಿಡೀ ಒಟ್ಟು ಕಾರ್ಬ್ಸ್ ಕೆಜಿಗೆ 6 ಗ್ರಾಂ, ಅಂದರೆ 370 ಗ್ರಾಂ ತಲುಪಿದರೆ ಮಂಗಳವಾರಕ್ಕೆ ಕಾಲಲ್ಲಿ ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟ ಸಕ್ಕರೆ, ಇರುತ್ತೆ.

ಕರಾವಳಿ_ಪೇಸ್

ಮೇಲಿನದಕ್ಕೆ ಒಂದು ತಿದ್ದುಪಡಿ, ಒಂದು ಎಚ್ಚರಿಕೆ.

ತಿದ್ದುಪಡಿ: ಇಳಿದ 1.6 ಕೆಜಿ ಪೂರ್ತಿ ನೀರಲ್ಲ. 62 ಕೆಜಿಯವರು 28 ಕಿ.ಮೀ. ಓಡಿದರೆ ಸುಮಾರು 1,700 ಕ್ಯಾಲರಿ ಉರಿಯುತ್ತೆ. ಉರಿದ ಸಕ್ಕರೆ, ಕೊಬ್ಬಿನ ತೂಕವೇ 300 ಗ್ರಾಂ ಹತ್ತಿರ, ಮೇಲೆ ಗ್ಲೈಕೋಜನ್ ಹಿಡಿದಿಟ್ಟಿದ್ದ ನೀರೂ ಬಿಡುಗಡೆ ಆಗಿರುತ್ತೆ. ಆದ್ದರಿಂದ ಅದೇ ದಿನ ತಕ್ಕಡಿ ಮತ್ತೆ 62.0 ತೋರಿಸಲೇಬೇಕು ಅಂತ ಕುಡಿಯಬೇಡಿ. 2 ಲೀಟರ್ ಸಾಕು. ಸಂಜೆಗೆ ಮೂತ್ರ ತಿಳಿ ಹಳದಿಯಾದರೆ ಕೆಲಸ ಮುಗಿಯಿತು.

ಎಚ್ಚರಿಕೆ: ಓಟದ ನಂತರದ ತಲೆನೋವಿಗೆ ಎರಡು ಕಾರಣ ಇರಬಹುದು, ಎರಡಕ್ಕೂ ಔಷಧಿ ತದ್ವಿರುದ್ಧ. ತೂಕ ಇಳಿದಿದ್ದು ತಲೆನೋವು, ಬಾಯಿ ಒಣಗೋದು ಇದ್ದರೆ ನೀರು, ಉಪ್ಪು ಎರಡೂ ಬೇಕು. ಆದರೆ ತೂಕ ಇಳಿಯದೆ, ಅಥವಾ ಏರಿ, ಬೆರಳಿನ ಉಂಗುರ ಬಿಗಿಯಾಗಿ, ಹೊಟ್ಟೆ ಉಬ್ಬರಿಸಿ, ವಾಂತಿ ಬಂದರೆ ಅದು ರಕ್ತದ ಸೋಡಿಯಂ ಕುಸಿದಿರುವ ಲಕ್ಷಣ. ಆಗ ಮತ್ತೆ ನೀರು ಕುಡಿಸಿದರೆ ಮಿದುಳು ಊದಿಕೊಳ್ಳುತ್ತೆ. ಮಾತು ತೊದಲಿದರೆ, ಗೊಂದಲ ಕಂಡರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ, "ಓಟದಲ್ಲಿ ತುಂಬಾ ನೀರು ಕುಡಿದಿದ್ದಾರೆ" ಅನ್ನೋದನ್ನ ಮೊದಲು ಹೇಳಿ. ಇದು ಅಪರೂಪ ಅಂದುಕೊಳ್ಳಬೇಡಿ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಗುರಿ ತಲುಪಿದ 488 ಜನರ ರಕ್ತ ಪರೀಕ್ಷಿಸಿದಾಗ 13% ಮಂದಿಗೆ ಸೋಡಿಯಂ ಕಡಿಮೆ ಇತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ನಿಧಾನ ಓಡಿದವರು, ಪ್ರತಿ ನೀರಿನ ಮೇಜಿನಲ್ಲೂ ನಿಂತು ಕುಡಿದವರು.

ಮಂಗಳೂರು, ಉಡುಪಿ ಕಡೆ ಸೆಕೆಗೆ ಬೆವರು ಆರೋದೇ ಇಲ್ಲ, ತೊಟ್ಟಿಕ್ಕುತ್ತೆ. ಗಂಟೆಗೆ ಒಂದು ಲೀಟರ್ ದಾಟೋದು ಇಲ್ಲಿ ಮಾಮೂಲು. ಅಂಥ ದಿನ ಮಜ್ಜಿಗೆಗಿಂತ ಓಆರ್‌ಎಸ್ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರ ಲೀಟರ್‌ಗೆ ಹೀಗಿದೆ: ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಗ್ಲೂಕೋಸ್ ಇರೋದು ರುಚಿಗಲ್ಲ. ಕರುಳಿನ ಗೋಡೆ ದಾಟುವಾಗ ಸೋಡಿಯಂ, ಗ್ಲೂಕೋಸ್ ಕೈಕೈ ಹಿಡಿದು ಹೋಗುತ್ತವೆ, ನೀರು ಅವುಗಳ ಹಿಂದೆ. ಮನೆಯಲ್ಲಾದರೆ 1 ಲೀಟರ್ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಲಿಂಬೆ ಬೇಕಾದರೆ ಹಿಂಡಿ.

ಇಲ್ಲಿ ಜನ ಮಾಡುವ ತಪ್ಪು: 1 ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯೋದು. ಅಷ್ಟು ಗಟ್ಟಿ ದ್ರಾವಣ ಮೈಗೆ ನೀರು ಕೊಡೋ ಬದಲು ಮೈಯ ನೀರನ್ನೇ ಕರುಳಿಗೆ ಎಳೆಯುತ್ತೆ, ಭೇದಿ ಶುರುವಾಗುತ್ತೆ. 200 ಎಂಎಲ್‌ನ ಸಣ್ಣ ಪೊಟ್ಟಣವೂ ಬರುತ್ತೆ, ಮೇಲೆ ಬರೆದಿರೋದನ್ನು ಓದಿಯೇ ಕಲಸಿ. ಟೆಟ್ರಾ ಪ್ಯಾಕ್ ಪಾನೀಯ ತಗೊಳ್ಳೋವಾಗಲೂ ಹಾಗೇ. ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳು ಹೆಸರಲ್ಲಿ ಓಆರ್‌ಎಸ್ ಅಂತ ಹಾಕೋದನ್ನ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಸೋಡಿಯಂ ಎಷ್ಟು ಅಂತ ಹಿಂಬದಿ ನೋಡಿ: ಲೀಟರ್‌ಗೆ 1,700 ಮಿ.ಗ್ರಾಂ ಹತ್ತಿರ ಇದ್ದರೆ ಅದು ಓಆರ್‌ಎಸ್, 400–500 ಇದ್ದರೆ ಸ್ಪೋರ್ಟ್ಸ್ ಡ್ರಿಂಕ್.

ತಲೆನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ. ಮೈ ಒಣಗಿರುವಾಗ ಈ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತವೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ ತೊಡೆ ಊದಿ ನೋಯುತ್ತಿದ್ದರೆ ಅದು ಸ್ನಾಯು ಒಡೆದಿರುವ ಗುರುತು, ಅದೇ ದಿನ ವೈದ್ಯರು ನೋಡಬೇಕು. ಬಿಪಿ, ಕಿಡ್ನಿ ತೊಂದರೆ ಇರುವವರು ಈ ಉಪ್ಪಿನ ಲೆಕ್ಕವನ್ನೂ ಎಳನೀರನ್ನೂ ತಮ್ಮ ವೈದ್ಯರನ್ನು ಕೇಳಿಯೇ ಪಾಲಿಸಿ.

ಹುಬ್ಬಳ್ಳಿ_ಓಟ

ಇಬ್ಬರಿಗೂ ಧನ್ಯವಾದ. ಮೂರು ಸಣ್ಣ ಪ್ರಶ್ನೆ. ಬಿಸಿ ಹಾಲು ಓಟದ ನಂತರ ಒಗ್ಗಲ್ಲ, ಬದಲಿಗೆ ಏನು? ಮಾಲ್ಟ್ ಬದಲು ಮುದ್ದೆ ಆಗುತ್ತಾ? ಮುಂದಿನ ತಿಂಗಳು ಶನಿವಾರ ಸಂಜೆ 16, ಭಾನುವಾರ ಬೆಳಿಗ್ಗೆ 24 ಓಡೋ ಯೋಜನೆ ಇದೆ, ಆಗ ಲೆಕ್ಕ ಬದಲಾಗುತ್ತಾ?

ಬ್ರೆವೆ_600

ಮೂರನೆಯದಕ್ಕೆ ಉತ್ತರ: ಪೂರ್ತಿ ಬದಲಾಗುತ್ತೆ. ಎರಡು ಓಟದ ನಡುವೆ ಒಂದು ರಾತ್ರಿ ಮಾತ್ರ ಇದ್ದಾಗ ಗಡಿಯಾರ ನೋಡಿ ತಿನ್ನಬೇಕು. ಮೊದಲ 4 ಗಂಟೆ, ಗಂಟೆಗೆ ಕೆಜಿಗೆ 1ರಿಂದ 1.2 ಗ್ರಾಂ ಕಾರ್ಬ್ಸ್. ನಿಮಗೆ ಗಂಟೆಗೆ 62–75 ಗ್ರಾಂ. ಖಾಲಿಯಾದ ಸ್ನಾಯು ಸಕ್ಕರೆಯನ್ನು ಅತಿ ವೇಗವಾಗಿ ಎಳೆದುಕೊಳ್ಳೋದು ಈ ಹೊತ್ತಲ್ಲೇ, ಎರಡು ಗಂಟೆ ತಡ ಮಾಡಿದರೆ ಆ ವೇಗ ಇಳಿಯುತ್ತೆ.

ಸೈಕಲ್ ಬ್ರೆವೆಗಳಲ್ಲಿ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ, ಇದೇ ಮುಖ್ಯ. 600 ಕಿ.ಮೀ.ಗೆ 40 ಗಂಟೆ ಗಡುವು, ನಡುವೆ ಮೂರು ಗಂಟೆ ನಿದ್ದೆ ಸಿಕ್ಕರೆ ಹೆಚ್ಚು. ಹೆದ್ದಾರಿ ಹೋಟೆಲಲ್ಲಿ ಕೆಲಸಕ್ಕೆ ಬರೋದು ತಟ್ಟೆ ಇಡ್ಲಿ, ಮೊಸರನ್ನ, ಎಣ್ಣೆ ಕಡಿಮೆ ಇರೋ ಚಿತ್ರಾನ್ನ, ಉಪ್ಪು ಸಕ್ಕರೆ ಎರಡೂ ಹಾಕಿದ ಲಿಂಬೆ ಸೋಡಾ. ಕೆಡಿಸೋದು ಪೂರಿ, ಬಜ್ಜಿ, ಬೆಣ್ಣೆ ಸುರಿದ ದೋಸೆ. ಕೊಬ್ಬು ಹೊಟ್ಟೆಯನ್ನು ನಿಧಾನ ಖಾಲಿ ಮಾಡುತ್ತೆ. ತಿಂದದ್ದು ಕಾಲಿಗೆ ಬರೋ ಮೊದಲೇ ಮತ್ತೆ ಸೈಕಲ್ ಮೇಲೆ ಕೂತಿರುತ್ತೀರಿ, ಹುಳಿತೇಗು ಬೇರೆ.

ಶನಿವಾರ ಸಂಜೆಗೆ ಹೀಗೆ ಮಾಡಿ. 7 ಗಂಟೆಗೆ ಓಟ ಮುಗಿದರೆ ಕೂಡಲೇ ಪಾನಕ: 500 ಎಂಎಲ್ ನೀರು, 50 ಗ್ರಾಂ ಬೆಲ್ಲ, ಲಿಂಬೆ, ಕಾಳುಮೆಣಸು, ಕಾಲು ಟೀ ಚಮಚ ಉಪ್ಪು, ಜೊತೆಗೆ ಎರಡು ಬಾಳೆ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಇರೋದರಿಂದ ಸ್ನಾಯು ಮಾತ್ರ ಅಲ್ಲ, ಯಕೃತ್ತಿನ ದಾಸ್ತಾನೂ ತುಂಬುತ್ತೆ. 8ಕ್ಕೆ ಅನ್ನ, ತೊವ್ವೆ, ಜೊತೆಗೆ 50 ಗ್ರಾಂ ಪನೀರ್. ಹಸಿ ತರಕಾರಿ ಕೋಸಂಬರಿ, ಸೊಪ್ಪಿನ ಪಲ್ಯ ಆ ರಾತ್ರಿ ಬೇಡ, ಬೆಳಗಿನ ಓಟದಲ್ಲಿ ಹೊಟ್ಟೆ ಹಿಡಿಯುತ್ತೆ. 9:30ಕ್ಕೆ ಮತ್ತೆ ಒಂದು ಬಟ್ಟಲು ಮೊಸರನ್ನ. ಬೆಳಿಗ್ಗೆ 4:45ಕ್ಕೆ ಎರಡು ಬಾಳೆ ಅಥವಾ ಬೆಲ್ಲ ಹಾಕಿದ ಅವಲಕ್ಕಿ.

ಇನ್ನೊಂದು, ಯಾರೂ ಹೇಳಲಿಲ್ಲ: 3 ಗಂಟೆ ಓಟಕ್ಕೆ 2 ಖರ್ಜೂರ ಏನೇನೂ ಸಾಲದು. ಓಡುವಾಗಲೇ ಗಂಟೆಗೆ 30 ಗ್ರಾಂ ಕಾರ್ಬ್ಸ್‌ನಿಂದ ಶುರು ಮಾಡಿ, ಅಭ್ಯಾಸವಾದಂತೆ 60ಕ್ಕೆ ಏರಿಸಿ. ಅಷ್ಟು ಖಾಲಿಯಾಗಿ ಮನೆಗೆ ಬಂದರೆ ಯಾವ ರಿಕವರಿ ಊಟವೂ ಮಧ್ಯಾಹ್ನದೊಳಗೆ ಎತ್ತಿ ನಿಲ್ಲಿಸಲ್ಲ.

ರಾಗಿಕಣ

ಮುದ್ದೆ ತಕ್ಷಣ ಬೇಡ. ರಾಗಿಯಲ್ಲಿ 100 ಗ್ರಾಂಗೆ 11 ಗ್ರಾಂ ನಾರು, ಗಟ್ಟಿ ಉಂಡೆ, ಜೊತೆಗೆ ಬಸ್ಸಾರು. ರಕ್ತ ಇನ್ನೂ ಸರಿಯಾಗಿ ವಾಪಸ್ ಬರದ ಹೊಟ್ಟೆಗೆ ಅದು ಭಾರ. ಮಧ್ಯಾಹ್ನ 1 ಗಂಟೆಗೆ ಧಾರಾಳವಾಗಿ ಉಣ್ಣಿ.

ಹಾಲು ಒಗ್ಗದವರಿಗೆ ಹುರಿಹಿಟ್ಟು. ರಾಗಿಯನ್ನು ನೆನೆಸಿ, ಆರಿಸಿ, ಹುರಿದು ಅರಳಿಸಿ ಬೀಸಿದ ಹಿಟ್ಟು. ಬೆಂದೇ ಇರೋದರಿಂದ ಒಲೆ ಹಚ್ಚೋದೇ ಬೇಡ. 40 ಗ್ರಾಂ ಹುರಿಹಿಟ್ಟಿಗೆ ಮೊದಲು ನಾಲ್ಕು ಚಮಚ ಮಜ್ಜಿಗೆ ಹಾಕಿ ಪೇಸ್ಟ್ ಮಾಡಿಕೊಳ್ಳಿ, ಆಮೇಲೆ 300 ಎಂಎಲ್ ಮಜ್ಜಿಗೆ ಸುರಿದು ಉಪ್ಪು ಹಾಕಿ ಕದಡಿ. ಎರಡು ನಿಮಿಷ ಬಿಟ್ಟರೆ ಹಿಟ್ಟು ನೀರು ಕುಡಿದು ದಪ್ಪವಾಗುತ್ತೆ, ಇನ್ನೊಂದು ಸೌಟು ಮಜ್ಜಿಗೆ ಸೇರಿಸಿ. ಮನೆಯಲ್ಲಿ ಬೀಸಿಸಿದ್ದಾದರೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ, ಹೊಟ್ಟು ಉಳಿದರೆ ಗಂಟಲಿಗೆ ತಾಗುತ್ತೆ.

ಕಾಫಿ ಕುಡಿಯಬೇಡಿ ಅನ್ನಲ್ಲ, ಒಂದು ಲೋಟ ಫಿಲ್ಟರ್ ಕಾಫಿಯಿಂದ ಮೈ ಒಣಗಲ್ಲ. ಆದರೆ ಊಟದ ಜೊತೆಗೇ ಕುಡಿದರೆ ಸೊಪ್ಪು ಕಾಳಿನ ಕಬ್ಬಿಣಾಂಶ ಹೀರೋಕೆ ಅಡ್ಡ, ಸಸ್ಯಾಹಾರಿ ಓಟಗಾರರಿಗೆ ಮೊದಲೇ ಅದು ಕಮ್ಮಿ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಟ್ಟು, ಪಲ್ಯಕ್ಕೆ ಲಿಂಬೆ ಹಿಂಡಿ.