ಐಷಾರಾಮಿ ಕಾರಿನ ವಿನ್ಯಾಸ: ಹಳೆಯ ಗಾಂಭೀರ್ಯವನ್ನು ಕೈಬಿಟ್ಟದ್ದು ಸರಿಯೇ?

ತೀರ್ಥಹಳ್ಳಿಯವ:
ಕಳೆದ ವಾರ ಸಾಗರದಲ್ಲಿ ಮದುವೆಯೊಂದಕ್ಕೆ ಹೋಗಿದ್ದಾಗ ಮಂಟಪದ ಅಂಗಳದಲ್ಲಿ ಎರಡು ಮರ್ಸಿಡಿಸ್ ಕಾರುಗಳು ಅಕ್ಕಪಕ್ಕ ನಿಂತಿದ್ದವು. ಒಂದು, ತೊಂಬತ್ತರ ದಶಕದಲ್ಲಿ ಪುಣೆಯಲ್ಲಿ ತಯಾರಾದ ಡಬ್ಲ್ಯು 124 ಸರಣಿಯ ಇ 220. ಇನ್ನೊಂದು, ವಿದ್ಯುತ್ ಚಾಲಿತ ಇಕ್ಯೂಎಸ್. ಹಳೆಯದರ ನೆಟ್ಟಗಿನ ಗ್ರಿಲ್ಲು, ಬಾನೆಟ್ಟಿನ ತುದಿಯಲ್ಲಿ ಎದ್ದು ನಿಂತ ನಕ್ಷತ್ರ, ಅದರ ಮೇಲೆ ಆಗಷ್ಟೇ ಬಿದ್ದ ಮಳೆಯ ಹನಿ, ಇವನ್ನೆಲ್ಲ ನೋಡುತ್ತ ಹಿರಿಯರು ಅಲ್ಲಿಯೇ ನಿಂತುಬಿಟ್ಟರು. ಹುಡುಗರು ಮಾತ್ರ ಹೊಸದರ ಕಿಟಕಿಗೆ ಮೂಗು ಒತ್ತಿಕೊಂಡು, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಹರಡಿದ 141 ಸೆಂಟಿಮೀಟರಿನ ಗಾಜಿನ ಡಿಜಿಟಲ್ ಪರದೆಯನ್ನು ನೋಡುತ್ತಿದ್ದರು. ನನಗೆ ಹೊಸದು ನೀರಿನಲ್ಲಿ ಸವೆದ ತುಂಗೆಯ ಕಲ್ಲಿನಂತೆ ಕಂಡಿತು. ನುಣುಪಾಗಿದೆ ನಿಜ, ಆದರೆ ಮುಖವೇ ಇಲ್ಲ. ಇದು ನನ್ನ ವಯಸ್ಸಿನ ಹಳಹಳಿಕೆಯೋ, ಅಥವಾ ವಿನ್ಯಾಸದಲ್ಲಿ ನಿಜವಾಗಿಯೂ ಏನಾದರೂ ಕಳೆದುಹೋಗಿದೆಯೋ?

ಶಿವಮೊಗ್ಗದ ಎಂಜಿನಿಯರ್:
ನಿಮಗೆ ಹಳೆಯ ಗಾಂಭೀರ್ಯದ್ದಾಗಿ ಕಾಣುತ್ತಿರುವ ಆ ಕಾರಿನ ಸರಣಿ, 1984ರಲ್ಲಿ ಬಂದಾಗ ಅಪ್ಪಟ ಆಧುನಿಕವಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ಹಿಂದಕ್ಕೆ ಹೋದಂತೆ ಅದರ ಮೈ ಕಿರಿದಾಗುವುದು ಗಾಳಿ ಸರಾಗವಾಗಿ ಕಳಚಿಕೊಳ್ಳಲಿ ಎಂದು. ಅದರ ಡ್ರ್ಯಾಗ್ ಗುಣಾಂಕ, ಅಂದರೆ ಗಾಳಿಯ ತಡೆಯ ಅಳತೆ (ಕಡಿಮೆಯಿದ್ದಷ್ಟೂ ಒಳ್ಳೆಯದು), 0.29ರ ಆಸುಪಾಸಿನಲ್ಲಿತ್ತು. ಮುಂದಿನ ಗಾಜಿಗೆ ಇರುವುದು ಒಂದೇ ವೈಪರ್. ಅದು ಬರಿದೆ ಅರ್ಧವೃತ್ತ ಬರೆಯುವುದಿಲ್ಲ, ಮೂಲೆಗಳ ಹತ್ತಿರ ಬಂದಾಗ ತೋಳು ಚಾಚಿ ಮೇಲಿನ ಅಂಚನ್ನೂ ಒರೆಸಿ ಬರುತ್ತದೆ. ನಮ್ಮ ಆಷಾಢದ ಮಳೆಯಲ್ಲಿ ಅದನ್ನು ಒಮ್ಮೆ ನೋಡಿ, ಕಣ್ಣು ಕೀಳಲಾಗುವುದಿಲ್ಲ.

1975ರಿಂದ 1999ರವರೆಗೆ ಮರ್ಸಿಡಿಸ್ ಕಾರುಗಳ ವಿನ್ಯಾಸದ ಹೊಣೆ ಹೊತ್ತಿದ್ದವರು ಇಟಲಿ ಮೂಲದ ಬ್ರೂನೋ ಸಾಕ್ಕೋ. ಹೊಸ ಮಾದರಿ ಬಂದ ಮಾತ್ರಕ್ಕೆ ಹಿಂದಿನದು ಹಳಸಲಾಗಿ ಕಾಣಬಾರದು ಎಂಬುದು ಅವರು ಪಾಲಿಸಿದ ನಿಯಮ. ಇಕ್ಯೂಎಸ್ ಗುಣಾಂಕವನ್ನು 0.20ಕ್ಕೆ ಇಳಿಸಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಅದಕ್ಕಾಗಿ ಮುಂಭಾಗದಿಂದ ಡಿಕ್ಕಿಯವರೆಗೆ ಒಂದೇ ಬಿಲ್ಲಿನ ಗೆರೆ ಎಳೆಯುವಾಗ, ಉದ್ದ ಬಾನೆಟ್ಟು ಮತ್ತು ಮೆಟ್ಟಿಲಿನಂತಹ ಹಿಂಭಾಗ ಎಂಬ ಮನೆತನದ ಚಹರೆ ಹೋಯಿತು. ಕಳೆದುಹೋದದ್ದು ಕ್ರೋಮ್ ಅಲ್ಲ, ಅಳತೆಗಳ ಸಂಬಂಧ.

ಹೊಸನಗರದ ಮನೆ ಕಟ್ಟುವವ:
ನಮ್ಮ ಕಡೆ ಇಪ್ಪತ್ತು ವರ್ಷಗಳಿಂದ ನಡೆದಿರುವುದೂ ಇದೇ. ಹಂಚಿನ ಇಳಿಜಾರು ಮಾಡು ಹಳೆಯ ಕಾಲದ್ದೆಂದು ಕೆಡವಿ ಆರ್‌ಸಿಸಿ ತಾರಸಿ ಹಾಕಿಸಿದವರು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೆ ತಗಡಿನ ಇಳಿಜಾರು ಕೂರಿಸಲು ನನ್ನನ್ನೇ ಕರೆಯುತ್ತಾರೆ. ಇಕ್ಯೂಎಸ್ ಕಾರಿಗೂ 2024ರಲ್ಲಿ ಕ್ರೋಮ್ ಪಟ್ಟಿಗಳ ಮುಂಭಾಗ ಮತ್ತು ಬಾನೆಟ್ಟಿನ ಮೇಲೆ ನಿಲ್ಲುವ ನಕ್ಷತ್ರ ಮರಳಿ ಬಂದವು. ಒಂದು ವ್ಯತ್ಯಾಸವಿದೆ: ತಗಡು ಮಳೆಯನ್ನು ತಡೆಯುತ್ತದೆ, ಆ ಪಟ್ಟಿಗಳು ಏನನ್ನೂ ತಡೆಯುವುದಿಲ್ಲ. ವಿದ್ಯುತ್ ಕಾರಿಗೆ ಅಷ್ಟು ದೊಡ್ಡ ರೇಡಿಯೇಟರ್ ಬೇಕಿಲ್ಲ. ಎಂಜಿನಿಯರ್ ಸಾಹೇಬರ ಮಾತಿನಂತೆ ಅಳತೆ ತಪ್ಪಿದ ಮೇಲೆ ಆಭರಣದಿಂದ ಸರಿದೂಗಿಸಲು ನೋಡಿದ್ದಾರೆ. ರೋಲ್ಸ್ ರಾಯ್ಸ್‌ನವರ ಸ್ಪೆಕ್ಟರ್ ಕೂಡ ವಿದ್ಯುತ್ತಿನದೇ, ಆದರೂ ಉದ್ದ ಬಾನೆಟ್ಟು ಮತ್ತು ಅಗಲ ಗ್ರಿಲ್ಲನ್ನು ಅವರು ಮೊದಲೇ ಉಳಿಸಿಕೊಂಡರು, ಗುಣಾಂಕವನ್ನು 0.25ಕ್ಕೆ ತಂದರು.

ಆಗುಂಬೆ ದಾರಿಯವನು:
ಹೊರಗಿನ ಚೆಲುವಿನ ಚರ್ಚೆ ಸಾಕು, ಒಳಗೆ ಕುಳಿತು ನೋಡಿ. ಎಲ್ಲವನ್ನೂ ಪರದೆಗೇ ಒಪ್ಪಿಸಿದ ಬೇರೊಂದು ದುಬಾರಿ ಕಾರನ್ನು ಸ್ನೇಹಿತರಿಗಾಗಿ ಜುಲೈ ತಿಂಗಳಲ್ಲಿ ಘಾಟಿಯಿಂದ ಇಳಿಸಿದೆ. ಮೂರನೆಯ ತಿರುವಿನಲ್ಲಿ ಗಾಜಿಗೆ ಆವಿ ಹಿಡಿಯಿತು. ಹಳೆಯ ಕಾರಿನಲ್ಲಾದರೆ ಕೈ ತಾನಾಗಿಯೇ ಗುಂಡಿಯನ್ನು ಹುಡುಕಿಕೊಳ್ಳುತ್ತಿತ್ತು. ಇಲ್ಲಿ ರಸ್ತೆಯಿಂದ ಕಣ್ಣು ತೆಗೆದು ಚಿತ್ರಗಳ ನಡುವೆ ತಡಕಾಡಬೇಕಾಯಿತು, ಎದುರಿನಿಂದ ಬಸ್ಸು ಬರುತ್ತಿತ್ತು. ಇಂಡಿಕೇಟರ್, ವೈಪರ್, ಹಾರ್ನ್‌ಗಳಂಥವಕ್ಕೆ ಪ್ರತ್ಯೇಕ ಗುಂಡಿ ಅಥವಾ ಸನ್ನೆಕೋಲು ಇದೆಯೇ ಎಂಬುದನ್ನು ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ಅಂಕ ಕೊಡುವಾಗ ಪರಿಗಣಿಸುತ್ತದೆ. ಇದನ್ನು ಹಳಹಳಿಕೆ ಎನ್ನಲು ನನಗೆ ಮನಸ್ಸಿಲ್ಲ.

ತೀರ್ಥಹಳ್ಳಿಯವ:
ಎಲ್ಲರಿಗೂ ಧನ್ಯವಾದ. ಆ ಇ 220 ನಮ್ಮ ದೂರದ ನೆಂಟರದೇ ಎಂದು ತಿಳಿದು ನಿನ್ನೆ ಅವರ ಮನೆಗೆ ಹೋಗಿದ್ದೆ. ಮಳೆ ಇರಲಿಲ್ಲ, ಒಂದು ಚೊಂಬು ನೀರು ಸುರಿದು ವೈಪರ್ ಹಾಕಿಸಿದೆ. ಎಂಜಿನಿಯರರು ಹೇಳಿದ್ದು ನಿಜ, ಮೂಲೆಯಲ್ಲಿ ತೋಳು ಚಾಚುತ್ತದೆ.